ಗೋರಟೆಯ ಸ್ಮಾರಕದರ್ಶನ



ಬೆಂಗಳೂರಿನ ಜಯನಗರ, ಬನಶಂಕರಿಗಳಿಂದ ಬಸವಕಲ್ಯಾಣದ ಯಾತ್ರೆಗೆ ಹೋಗುವ ಸದ್ಭಕ್ತರು ಸಮೀಪದ ಗೋರಟಾ ಗ್ರಾಮವನ್ನೂ ಕಂಡು ಬರುವುದು ಉಚಿತ. ಶರಣರ ನೆತ್ತರನ್ನು ಹಿಂದೊಮ್ಮೆ ಕಂಡ ಸೀಮೆಯದು. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಊರನ್ನು ಮುತ್ತಿ 200ಕ್ಕೂ ಮಿಕ್ಕ ಜನರನ್ನು ಕೊಂದರೆಂದು ಅಲ್ಲಿಯವರು ಹೇಳುವರು. ಮೈಸೂರು ಸೀಮೆಯವರಿಗೆ ಈ ಸಂಗತಿಯು ಅಷ್ಟಾಗಿ ತಿಳಿಯದು. ಹತರಾದವರ ಹೆಸರಿನಲ್ಲಿ ಕಟ್ಟಿದ ಹುತಾತ್ಮ ಸ್ಮಾರಕವು 2023ರ ಮಾರ್ಚಿಯಲ್ಲಿ ಉದ್ಘಾಟಿತವಾಯಿತು. ಸರದಾರ ಪಟೇಲರ ಪ್ರತಿಮೆಯೂ ಅಲ್ಲಿರುವುದು, ಅದು ಸಕಾರಣವೇ ಸರಿ: 1948ರ ಸಪ್ಟಂಬರ 13ರಂದು ಭಾರತದ ಸೈನ್ಯವು ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ನಿಜಾಮನು ಕದನವಿರಾಮವನ್ನು ಸಾರಿದನು, ರಜಾಕಾರರ ಹಾವಳಿಯು ಅಡಗಿತು.

ಆದರೆ ಕೊಲೆಯೂ ಅಂದೇ ನಿಂತಿತೆಂದು ಮಕ್ಕಳಿಗೆ ಹೇಳಿದರೆ ಅದು ಅರ್ಧಸತ್ಯ. ಸೇಡಿನ ಕತ್ತಿಯು ನಿರಪರಾಧಿಗಳಾದ ಮುಸಲ್ಮಾನರ ಮೇಲೆ ತಿರುಗಿತು. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರನ್ನು 27,000ದಿಂದ 40,000ದವರೆಗೆ ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವೂ ಕಲಬುರ್ಗಿಯೂ ಸೇರಿದ್ದುವು. ಆ ವರದಿಯು ಎಷ್ಟೋ ದಶಕಗಳ ಕಾಲ ಬೆಳಕನ್ನು ಕಾಣಲಿಲ್ಲ. ಗೋರಟೆಯಲ್ಲಿ ನಿಂತು ಹೇಳತಕ್ಕ ಇನ್ನೊಂದು ಮಾತೂ ಅದರಲ್ಲುಂಟು. ಕಾಯಕವನ್ನು ನಂಬಿದವರು ವಿಶೇಷವಾಗಿ ಕಿವಿಗೊಡಬೇಕಾದುದು. ಕೆಲವೆಡೆ ಹಿಂದೂ ನೇಕಾರರು ತಮ್ಮ ಮತದವರಿಗೇ ಇದಿರಾಗಿ ನಿಂತು, ಒಂದೇ ಕಸಬಿನವರಾದ ಮುಸಲ್ಮಾನ ನೇಕಾರರನ್ನು ಕಾಯ್ದರು. ಹಾಗೆ ಕಾಯುವಲ್ಲಿ ಕೆಲವರು ಪ್ರಾಣವನ್ನೂ ತೆತ್ತರು.