ಸುವಾರ್ತೆ ಕೇಳದೆ ಹೋದವರು

1814ರ ಕ್ರಿಸ್‌ಮಸ್ ದಿನ. ನ್ಯೂಜಿಲೆಂಡಿನ ಉತ್ತರ ಭಾಗದ ಓಯಿಹಿ ಎಂಬ ಕಡಲ ತೀರ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ನಾಯಕ ರುವಾತಾರ ಉಪದೇಶ ಪೀಠವೊಂದನ್ನು ಸಿದ್ಧಪಡಿಸಿದ್ದ. ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಯೇಸುವಿನ ಜನನದ ಶುಭವಾರ್ತೆ ಸಾರಿದರು. ರುವಾತಾರ ಅದನ್ನು ತನ್ನವರಿಗೆ ವಿವರಿಸಿದ.

ಹಾಗಾದರೆ, ಅದಕ್ಕೂ ಮೊದಲು, ಸುವಾರ್ತೆ ಕೇಳದೆಯೇ ಆ ನಾಡಿನಲ್ಲಿ ತಲೆಮಾರುಗಳ ಕಾಲ ಬಾಳಿ ಹೋದವರ ಗತಿಯೇನು?

ಕ್ರೈಸ್ತರಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಯೇಸುವಿನ ಹೆಸರು ಕೇಳಿ ನಂಬಿದವರಿಗೆ ಮಾತ್ರ ರಕ್ಷಣೆ ಎನ್ನುವವರಿದ್ದಾರೆ. ಸುವಾರ್ತೆ ಹೊತ್ತು ದೂರದೂರಕ್ಕೆ ಹೋಗುವ ತುರ್ತು ಅವರಿಗೆ ಇಲ್ಲಿಂದಲೇ ಬಂದಿದೆ. ಇನ್ನು ಕೆಲವರು ಪೌಲನು ರೋಮಿನವರಿಗೆ ಬರೆದ ಪತ್ರದ ಎರಡನೇ ಅಧ್ಯಾಯವನ್ನು ತೋರಿಸುತ್ತಾರೆ. ಧರ್ಮಶಾಸ್ತ್ರ ತಿಳಿಯದವರ ಹೃದಯದಲ್ಲೂ ದೇವರ ಕಟ್ಟಳೆ ಇದೆ ಎಂಬ ಮಾತು ಅಲ್ಲಿದೆ.

1964ರಲ್ಲಿ ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಈ ಪ್ರಶ್ನೆಗೆ ತನ್ನ ನಿಲುವನ್ನು ಸ್ಪಷ್ಟಪಡಿಸಿತು. ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದವರು, ಪ್ರಾಮಾಣಿಕವಾಗಿ ದೇವರನ್ನು ಅರಸಿ, ಆತನ ಕೃಪೆಯಿಂದ ಮನಸ್ಸಾಕ್ಷಿಯಂತೆ ನಡೆದರೆ, ಅವರಿಗೂ ರಕ್ಷಣೆ ಸಾಧ್ಯ ಎಂದಿತು. ಆ ರಕ್ಷಣೆಯೂ ಕ್ರಿಸ್ತನಿಂದಲೇ ಎಂಬ ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಮಾವೊರಿಗಳು ಇಂದಿಗೂ ತಮ್ಮ ವಂಶಾವಳಿಯನ್ನು, ಸುವಾರ್ತೆ ಕೇಳದ ಹಿರಿಯರನ್ನೂ ಸೇರಿಸಿ, ಹೆಸರು ಹೆಸರಾಗಿ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಅನೇಕರು ಕ್ರೈಸ್ತರೇ. ಕೇಳುಗರೇ, ಯಾರದೇ ಹಿರಿಯರ ಬಗ್ಗೆ ತೀರ್ಪು ಕೊಡುವ ಆತುರ ನಮಗೆ ಬೇಡ.