ಕ್ಯಾಸನೂರಿನ ಪಾಠ



ಒಂದು ಊರಿನ ಹೆಸರು ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಸೇರಿಹೋಗುವುದು ಭಾಗ್ಯವೋ ದೌರ್ಭಾಗ್ಯವೋ ಹೇಳುವುದು ಕಷ್ಟ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಅದು 1957ರಲ್ಲಿ ಒದಗಿತು. ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಕಾಡಂಚಿನ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ರೋಗಾಣುವನ್ನು ಗುರುತಿಸಿದರು. ಅದನ್ನು ಹರಡುವುದು ಉಣುಗು ಎಂಬುದೂ ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಅಂದಿನಿಂದ ಮಲೆನಾಡಿನವರು ಒಂದು ಶಿಸ್ತನ್ನು ಕಲಿತರು. ಮಂಗ ಸತ್ತದ್ದು ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮೈಗೆ ಎಣ್ಣೆ ಸವರಿಕೊಳ್ಳದೆ ಕಾಡಿಗೆ ಹೋಗಬಾರದು. ಜ್ವರ ಬಂದವನನ್ನು, ನಿನಗೇಕೆ ಬಂತೆಂದು ಯಾರೂ ಗದರಿಸುವುದಿಲ್ಲ.

ಇನ್ನೊಂದು ಬಗೆಯ ಸಾವಿನ ವಿಷಯದಲ್ಲಿ ಈ ಶಿಸ್ತು ನಮಗಿನ್ನೂ ಬಂದಿಲ್ಲ. ತಮ್ಮ ಜೀವವನ್ನು ತಾವೇ ಕಳೆದುಕೊಳ್ಳುವವರ ಮಾತನ್ನು ನಾನು ಹೇಳುತ್ತಿದ್ದೇನೆ. ಸತ್ತ ಮಂಗದ ಸುದ್ದಿ ಸಂಜೆಯೊಳಗೆ ಆಸ್ಪತ್ರೆಗೆ ಮುಟ್ಟುವ ಊರಿನಲ್ಲಿ, ಬದುಕಿರುವ ಮನುಷ್ಯನೊಬ್ಬ ಹದಿನೈದು ದಿನಗಳಿಂದ ಊಟ ನಿದ್ರೆ ಬಿಟ್ಟಿರುವ ಸುದ್ದಿ ಎಲ್ಲಿಗೂ ಮುಟ್ಟುವುದಿಲ್ಲ. 2022ರಲ್ಲಿ ದೇಶದಲ್ಲಿ ಇಂಥ 1,70,924 ಸಾವುಗಳು ದಾಖಲಾದವು. ಕರ್ನಾಟಕದ ಪಾಲು 13,606. ಈ ಲೆಕ್ಕವನ್ನು ಪ್ರಕಟಿಸುವುದು ಆರೋಗ್ಯ ಇಲಾಖೆಯಲ್ಲ, ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ! ಜ್ವರದ ಸಾವನ್ನು ವೈದ್ಯರು ಎಣಿಸುತ್ತಾರೆ, ದುಃಖದ ಸಾವನ್ನು ಪೊಲೀಸರು ಎಣಿಸುತ್ತಾರೆ. ನಮ್ಮ ಮನೋಧರ್ಮ ಇದರಲ್ಲೇ ಇದೆ.

ನಾನು ಕನ್ನಡ ಪಾಠ ಹೇಳಿ ಬದುಕಿದವನು. ನನ್ನ ಗಮನ ಮೊದಲು ಹರಿಯುವುದು ಮಾತಿನ ಕಡೆಗೆ. 'ಆತ್ಮಹತ್ಯೆ' ಎಂಬ ಪದದಲ್ಲಿ 'ಹತ್ಯೆ' ಕುಳಿತಿದೆ. ಗೋಹತ್ಯೆ, ಶಿಶುಹತ್ಯೆಗಳ ಸಾಲಿನ ಪದ ಅದು. ವಿಚಾರಣೆಗೆ ಮುಂಚೆಯೇ ತೀರ್ಪು ಕೊಟ್ಟುಬಿಡುತ್ತದೆ. ಆದರೆ ನಮ್ಮ ಕಡೆಯ ಆಡುಮಾತಿನಲ್ಲಿ 'ಮಂಡೆಬಿಸಿ' ಎಂಬ ಸೊಗಸಾದ ಶಬ್ದವಿದೆ. ಅಡಿಕೆಯ ಧಾರಣೆ ಇಳಿದರೂ ಮಂಡೆಬಿಸಿ, ಮಗಳ ಮದುವೆಯೂ ಮಂಡೆಬಿಸಿ. ಅದನ್ನಾಡಲು ಯಾರಿಗೂ ನಾಚಿಕೆಯಿಲ್ಲ. ಮನೋವೈದ್ಯರ ಪರಿಭಾಷೆ ಹೋಗಲಾರದ ಅಂಗಳಕ್ಕೆ ಈ ಮಾತು ಸಲೀಸಾಗಿ ಹೋಗುತ್ತದೆ. ವಿದ್ವತ್ತಿನ ಕಡೆಯಿಂದಲೂ ಕನ್ನಡ ಬಡವಾಗಿಲ್ಲವೆನ್ನಿ. 'ಕೊರವಂಜಿ'ಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು, ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಶಿವಮೊಗ್ಗದ ಡಾ. ಅಶೋಕ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸಿನ ಬೇನೆಗಳನ್ನು ಕುರಿತು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ಪುಸ್ತಕದ ಮಾತು ಜಗಲಿಗೆ ಇಳಿಯಬೇಕಾಗಿದೆ, ಅಷ್ಟೆ.

ನಮ್ಮ ನೆರೆಯ ಹಳ್ಳಿಯ ರೈತನೊಬ್ಬ ಹಲವು ವಾರ ನಿದ್ರೆಯಿಲ್ಲದೆ ಬಳಲಿದ್ದ. ಶುಂಠಿ ಕೊಳೆತಿತ್ತು, ಸಾಲವೂ ಇತ್ತು. ಆದರೆ ಅದೊಂದೇ ಕಾರಣವೆನ್ನಲಾರೆ, ಅಷ್ಟೇ ಸಾಲವಿದ್ದವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಒಂದು ದಿನ ಅವನನ್ನು ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಮನೆಯವರು ವೈದ್ಯರಿಗೆ ಹೇಳಿದ್ದು, "ಕೆಮ್ಮಿನ ಔಷಧಿಯೆಂದು ತಪ್ಪಿ ಕುಡಿದ ಸ್ವಾಮಿ" ಎಂದು. ಪೊಲೀಸರ ಭಯ. ಜೀವ ಉಳಿಯಿತು. ಆದರೆ ಆ ಒಂದು ಸುಳ್ಳಿನಿಂದಾಗಿ, ಏಕೆ ಹೀಗೆ ಮಾಡಿದೆಯಪ್ಪಾ ಎಂದು ಅವನನ್ನು ಯಾರೂ ಕೇಳಲಿಲ್ಲ. ಹೊಟ್ಟೆ ತೊಳೆದು ಕಳಿಸಿದರು, ಮನಸ್ಸು ಹಾಗೆಯೇ ಉಳಿಯಿತು. ಆರು ತಿಂಗಳ ಮೇಲೆ ಅವನ ಅಕ್ಕ ಹಟಹಿಡಿದು ಮನೋವೈದ್ಯರಲ್ಲಿಗೆ ಕರೆದೊಯ್ದಳು. ಈಗ ಅವನು ಗದ್ದೆ ಮಾಡಿಕೊಂಡು, ಸಂತೆಗೆ ಬರುತ್ತ ಇದ್ದಾನೆ.

ಆ ಭಯಕ್ಕೆ ಅಂದು ಆಧಾರವಿತ್ತು. ಭಾರತೀಯ ದಂಡಸಂಹಿತೆಯ 309ನೆಯ ಕಲಮು ಇಂಥವರಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಹೇಳುತ್ತಿತ್ತು. ಸಾಯಲು ಹೊರಟವನಿಗೆ ಸೆರೆಮನೆಯ ಬೆದರಿಕೆ! 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆ, ಅವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಿ ಶಿಕ್ಷಿಸದೆ ಚಿಕಿತ್ಸೆ ಕೊಡಬೇಕೆಂದು ವಿಧಿಸಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಮಾಡಲು ಹೀಗೆ ಮಾಡುವವರಿಗೆ ಮಾತ್ರ ಬೇರೊಂದು ನಿಯಮವಿದೆ. ದೆಹಲಿಯಲ್ಲಿ ಕಾನೂನು ಬದಲಾಯಿತು, ಹಳ್ಳಿಯ ಭಯ ಬದಲಾಗಲಿಲ್ಲ. ವೈದ್ಯರ ಮುಂದೆ ನಿಜ ಹೇಳಿ. ಹೇಳಿದರೆ ಕೇಡಿಲ್ಲ.

ಉಣುಗಿಗೂ ನಮ್ಮ ಮೈಗೂ ನಡುವೆ ಎಣ್ಣೆಯೊಂದು ಅಡ್ಡವಿದ್ದರೆ ಸಾಕೆಂದು ನಾವು ಬಲ್ಲೆವು. ಇಲ್ಲಿಯೂ ಹಾಗೆಯೇ. ಸಾಯಬೇಕೆಂಬ ಆವೇಗ ಅನೇಕರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕೈಗೂ ವಿಷಕ್ಕೂ ನಡುವೆ ಒಂದು ಬೀಗವಿದ್ದರೆ ಅಷ್ಟರಲ್ಲಿ ಆ ಗಳಿಗೆ ದಾಟಿಹೋಗಬಹುದು. ಶ್ರೀಲಂಕೆಯವರು 1995ರಿಂದೀಚೆಗೆ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಹತ್ತು ವರ್ಷಗಳಲ್ಲಿ ಅಲ್ಲಿ ಇಂಥ ಸಾವುಗಳ ಪ್ರಮಾಣ ಅರ್ಧಕ್ಕಿಳಿಯಿತು, ಬೆಳೆಯೇನೂ ಕುಗ್ಗಲಿಲ್ಲ. ನಮ್ಮಲ್ಲಿ ಜೋಳಕ್ಕೆ, ಶುಂಠಿಗೆ ತಂದು ಮಿಕ್ಕ ಔಷಧಿ ಅಡುಗೆಮನೆಯ ಅಟ್ಟದಲ್ಲೋ ಮಂಚದ ಕೆಳಗೋ ಇರುತ್ತದೆ. ಚಿನ್ನಕ್ಕೆ ಬೀಗ ಹಾಕುವ ಮನೆಯಲ್ಲಿ ಇದಕ್ಕೂ ಒಂದು ಬೀಗ ಬೇಡವೇ? ಬೀಗದ ಕೈ ಮನಸ್ಸು ಕೆಟ್ಟವನ ಕೈಗೆ ಸಿಗದಿರಲಿ.

ಹಳ್ಳಿಯಲ್ಲಿ ಮನೋರೋಗಕ್ಕೆ ಚಿಕಿತ್ಸೆ ಎಲ್ಲಿ ಎನ್ನುವವರಿಗೆ ದೂರದ ಉದಾಹರಣೆ ಬೇಕಾಗಿಲ್ಲ. 1980ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯಿತ್ತು ದಾರಿ ತೋರಿಸಿದರು. ಮುಂದೆ ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾದಂಥ ಕಠಿಣ ಬೇನೆಯವರನ್ನೂ ಹುಡುಕಿ, ಅವರಿದ್ದಲ್ಲಿಯೇ ಔಷಧೋಪಚಾರ ಮಾಡಿದರು. ತೀರ್ಥಹಳ್ಳಿಯಲ್ಲಾದದ್ದು ಸೊರಬದಲ್ಲಿ, ಶಿಕಾರಿಪುರದಲ್ಲಿ ಏಕಾಗಬಾರದು?

ಇನ್ನು, ಕೇಳುವ ಬಗೆ. "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಎಂದು ಯಾರಾದರೂ ಅಂದರೆ, ಬಿಡ್ತು ಅನ್ನು ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕುಳಿತು, "ತಮ್ಮಾ, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದುದು ಹೊರಗೆ ಬರುತ್ತದೆ. ಹೌದೆಂದರೆ ಒಬ್ಬನನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿಯಾಗಿದ್ದರೆ, ಬಸ್ಸಿಲ್ಲದಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿಯಿದೆ: 14416. ಹಣ ಕೊಡಬೇಕಾಗಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಏನೆಂದು ಮಾತು ತೆಗೆಯುವುದೋ ತಿಳಿಯದಿದ್ದರೆ, ಮಂಡೆಬಿಸಿಯಾಗಿದೆ ಎಂದರೂ ಸಾಕು.