ಗುಳೆ ಬಂದವಳ ಹೆಸರೆಲ್ಲಿ?

(ಪರ್ಕಳದಲ್ಲಿ ಸೇರಿದ ಪಕ್ಷದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಬುತ್ತಿ ಹಿಡಿದು ಕೂಲಿಗೆ ಕಾಯುವವರನ್ನು ನಾವೆಲ್ಲ ನೋಡುತ್ತೇವೆ. 'ಘಟ್ಟದವರು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅವರು ಬಾಗಲಕೋಟೆ, ಕೊಪ್ಪಳ, ಗದಗಗಳ ಒಕ್ಕಲುಮಕ್ಕಳು. ಅವರ ಊರಿನಲ್ಲಿ ಇದಕ್ಕೆ ಗುಳೆ ಎನ್ನುತ್ತಾರೆ; ವಿದ್ವಾಂಸರು ಈಗ ಹವಾಮಾನ ವಲಸೆ ಎನ್ನುತ್ತಾರೆ.

2019ರ ಆಗಸ್ಟಿನಲ್ಲಿ ಮಲಪ್ರಭೆ, ಕೃಷ್ಣೆಗಳು ಉಕ್ಕಿ ಹೊಲಮನೆಗಳನ್ನು ನುಂಗಿದವು. 2023ರಲ್ಲಿ ಮಳೆ ಕೈಕೊಟ್ಟು, ಸರ್ಕಾರವೇ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಆದರೆ ಊರು ಬಿಟ್ಟವರು ಯಾರು? ನೀರಾವರಿಯುಳ್ಳವನು ಉಳಿದ, ತುಂಡು ಹೊಲದವನು, ಸಾಲಗಾರ ಹೊರಟ.

ಅವನ ಜೊತೆ ಬಂದ ಹೆಂಗಸಿನ ಗತಿಯೇನು? ಕಲ್ಲು, ಜಲ್ಲಿ ಹೊರುವವಳು ಅವಳು. ಕೂಲಿ ಮಾತ್ರ ಕಡಿಮೆ, ಅದೂ ಎಷ್ಟೋ ಸಲ ಗಂಡನ ಕೈಗೆ. ಬೆಳಗಾಗುವ ಮೊದಲೇ ನೀರಿಗೂ ಮರೆಗೂ ಅಲೆಯಬೇಕು. ಮಗು ಮರಳ ರಾಶಿಯ ಬದಿಯಲ್ಲಿ ಮಲಗಬೇಕು.

ಕಾನೂನಿಲ್ಲವೇ? ಸಮಾನ ವೇತನದ ಕಾನೂನು 1976ರಲ್ಲೇ ಬಂತು. 1979ರ ವಲಸೆ ಕಾರ್ಮಿಕರ ಕಾನೂನು ರಾಜ್ಯದ ಗಡಿ ದಾಟಿದವರನ್ನಷ್ಟೇ ಕಂಡಿತು. ಬಾದಾಮಿಯಿಂದ ಪರ್ಕಳಕ್ಕೆ ಬಂದವಳು ಅದರ ಲೆಕ್ಕಕ್ಕೆ ಸಿಗಲಿಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಕಾನೂನಾಗಿ ಹೆರಿಗೆ ನೆರವು, ಪಿಂಚಣಿಗಳಿಗೆ ದಾರಿಯಾಯಿತು. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಮೇಸ್ತ್ರಿಯ ಪುಸ್ತಕದಲ್ಲಿ ಗಂಡನ ಹೆಸರೊಂದೇ ಇದ್ದರೆ, ಅವಳು ದುಡಿದುದಕ್ಕೆ ಸಾಕ್ಷಿ ಯಾರು?

'ಪರವೂರವರ ಚಿಂತೆ ನಮಗೇಕೆ?' ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ನಮ್ಮ ಹುಡುಗರೂ ಬೊಂಬಾಯಿಗೆ ಹೋಗಿ, ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಗಳಲ್ಲಿ ಓದಿದವರಲ್ಲವೇ? ಇಲ್ಲಿ ತಾಯಂದಿರು ಬೀಡಿ ಕಟ್ಟಿ ಒಲೆ ಉರಿಸಲಿಲ್ಲವೇ? 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿದಾಗ ಉಡುಪಿ, ಮಣಿಪಾಲಗಳು ಟ್ಯಾಂಕರಿಗೆ ಕಾದವು. 2020ರ ಸೆಪ್ಟೆಂಬರಿನ ನೆರೆಯಲ್ಲಿ ನಮ್ಮ ಜಿಲ್ಲೆಯವರೇ ಮನೆ ಬಿಟ್ಟು ಓಡಿದರು. ನಾಳೆ ಗಂಟು ಕಟ್ಟುವವರು ನಾವೂ ಆಗಬಹುದು.

ಲೋಹಿಯಾರವರು ಸಪ್ತಕ್ರಾಂತಿಯಲ್ಲಿ ಗಂಡು ಹೆಣ್ಣಿನ ಸಮಾನತೆಯನ್ನು ಸೇರಿಸಿದ್ದು ಭಾಷಣದ ಅಲಂಕಾರಕ್ಕಲ್ಲ. ಆದುದರಿಂದ ಈ ತಿಂಗಳು ಪ್ರತಿಯೊಬ್ಬ ಕಾರ್ಯಕರ್ತನೂ ಕಾರ್ಯಕರ್ತೆಯೂ ಹತ್ತು ಶೆಡ್ಡುಗಳಿಗೆ ಹೋಗಬೇಕು. ಹೆಂಗಸರನ್ನೇ ಮಾತನಾಡಿಸಬೇಕು. ದುಡಿದ ದಿನಗಳನ್ನು ಅವರವರ ಹೆಸರಿನಲ್ಲೇ ಬರೆಸಿ ಅರ್ಜಿ ಹಾಕಿಸಬೇಕು. ನಲ್ಲಿ, ಶೌಚಾಲಯ, ಮಕ್ಕಳಿಗೆ ನೆರಳು, ಈ ಮೂರನ್ನು ನಗರಸಭೆಯ ಮುಂದೆ ಅವರೊಡನೆಯೇ ನಿಂತು ಕೇಳೋಣ. ಮುಂದಿನ ಸಭೆಯಲ್ಲಿ ಅವರ ಪರವಾಗಿ ನಾನು ಮಾತನಾಡುವಂತಾಗಬಾರದು. ಅವರಲ್ಲೊಬ್ಬಳು ಇಲ್ಲಿ ನಿಂತು ಮಾತನಾಡಬೇಕು.